ಮಕ್ಕಳೊಂದಿಗೆ ಸ್ಪೇನಿನ ಕಡಲ ತೀರಕ್ಕೆ: ಕೊಡಗಿನ ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮದು ಗೋಣಿಕೊಪ್ಪಲು ಸಮೀಪದ ಊರು. ನನ್ನ ಪತಿ ಬೆಂಗಳೂರಿನ ಸಾಫ್ಟ್‌ವೇರ್ ಕಂಪೆನಿಯೊಂದಕ್ಕೆ ಮನೆಯಿಂದಲೇ ಕೆಲಸ ಮಾಡುತ್ತಿದ್ದಾರೆ. ಸ್ಪೇನಿನಲ್ಲಿದ್ದುಕೊಂಡು ಕೆಲಸ ಮುಂದುವರಿಸಲು ಕಂಪೆನಿ ಒಪ್ಪಿಗೆ ಕೊಟ್ಟಿದೆ. ವಾಲೆನ್ಸಿಯಾ, ಅಲಿಕಾಂತೆ, ಮಾಲಗಾ ಈ ಮೂರರಲ್ಲಿ ಒಂದು ಊರನ್ನು ಆರಿಸಿಕೊಳ್ಳಬೇಕಾಗಿದೆ. ಮಗನಿಗೆ ಈ ವರ್ಷ ಏಳು ತುಂಬುತ್ತದೆ, ಮಗಳಿಗೆ ನಾಲ್ಕು. ಮನೆಯಲ್ಲಿ ಕೊಡವ ತಕ್ಕ್ ಆಡುತ್ತೇವೆ, ಶಾಲೆಯಲ್ಲಿ ಕನ್ನಡ ಮತ್ತು ಇಂಗ್ಲಿಷ್ ಇವೆ. ಇನ್ನೊಂದು ಭಾಷೆ ಸೇರಿದರೆ ಮಕ್ಕಳು ಗೊಂದಲಕ್ಕೆ ಬೀಳುತ್ತಾರೆ, ಈಗಿನಿಂದಲೇ ಮನೆಯಲ್ಲಿ ಇಂಗ್ಲಿಷ್ ಮಾತ್ರ ಆಡಿ ಎಂದು ನೆಂಟರು ಒತ್ತಾಯಿಸುತ್ತಿದ್ದಾರೆ. ಏನು ಮಾಡಬೇಕು? ಯಾವ ಊರು ಒಳ್ಳೆಯದು? ಯಾವಾಗ ಹೊರಡಬೇಕು?
– ಓದುಗರು, ವಿರಾಜಪೇಟೆ ತಾಲ್ಲೂಕು

ಉತ್ತರ: ಮೊದಲು ನೆಂಟರ ಮಾತಿಗೆ ಉತ್ತರ ಹೇಳುತ್ತೇನೆ, ಏಕೆಂದರೆ ನಿಮ್ಮ ಉಳಿದೆಲ್ಲ ನಿರ್ಧಾರಗಳಿಗಿಂತ ಅದು ದೊಡ್ಡದು. ಮನೆಮಾತನ್ನು ಬಿಡಬೇಡಿ. ಎರಡು ಮೂರು ಭಾಷೆಗಳನ್ನು ಒಟ್ಟಿಗೆ ಕೇಳುತ್ತ ಬೆಳೆಯುವ ಮಕ್ಕಳಿಗೆ ಅದರಿಂದ ಮಾತು ತಡವಾಗುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ. ಕೊಡಗಿನಲ್ಲಿ ಮನೆಯೊಳಗೆ ಒಂದು, ಅಂಗಡಿಯಲ್ಲಿ ಒಂದು, ತೋಟದ ಕಾರ್ಮಿಕರೊಂದಿಗೆ ಮತ್ತೊಂದು ಭಾಷೆ ಆಡುತ್ತಲೇ ಮಕ್ಕಳು ದೊಡ್ಡವರಾಗುವುದನ್ನು ನಾವೆಲ್ಲ ಕಂಡಿದ್ದೇವೆ. ನಿಮ್ಮ ಮಗ ಪರದೇಶದ ಶಾಲೆಯಲ್ಲಿ ದಿನವಿಡೀ ಅರ್ಥವಾಗದ ಮಾತುಗಳ ನಡುವೆ ಕುಳಿತು ದಣಿದು ಮನೆಗೆ ಬಂದಾಗ, ಅಳುವುದಕ್ಕೂ ಜಗಳವಾಡುವುದಕ್ಕೂ ಅವನಿಗೆ ಪೂರ್ತಿ ಕೈವಶವಾಗಿರುವ ಭಾಷೆಯೊಂದು ಬೇಕು. ಅಷ್ಟೇನೂ ಪಳಗಿಲ್ಲದ ಇಂಗ್ಲಿಷನ್ನು ಅದೇ ಹೊತ್ತಿಗೆ ಮನೆಗೂ ತಂದರೆ ಆ ಮಗುವಿಗೆ ನೆಮ್ಮದಿಯ ಜಾಗವೇ ಇಲ್ಲದಂತಾಗುತ್ತದೆ.

ಹೊಸ ಶಾಲೆ ಸೇರಿದ ಮೇಲೆ ಕೆಲವು ವಾರ, ಕೆಲವೊಮ್ಮೆ ಕೆಲವು ತಿಂಗಳು, ಮಗು ತರಗತಿಯಲ್ಲಿ ಬಾಯಿ ಬಿಡದಿರಬಹುದು. ಆ ಹೊತ್ತಿನಲ್ಲಿ ಅದು ಕೇಳಿಸಿಕೊಳ್ಳುತ್ತಿರುತ್ತದೆ. ಆದ್ದರಿಂದ ಗಾಬರಿಯಾಗಿ ಗದರಿಸುವುದಾಗಲಿ, ಶಾಲೆ ಬದಲಿಸುವುದಾಗಲಿ ಬೇಡ. ಆಟದ ಬಯಲಿನ ಮಾತು ಸಾಮಾನ್ಯವಾಗಿ ಒಂದೆರಡು ವರ್ಷಗಳೊಳಗೆ ಬಂದುಬಿಡುತ್ತದೆ. ಆದರೆ ವಿಜ್ಞಾನ, ಸಮಾಜ ಪಾಠಗಳನ್ನು ಓದಿ ಸ್ವತಂತ್ರವಾಗಿ ಬರೆಯುವಷ್ಟು ಭಾಷೆ ಬಲಿಯಲು ಐದಾರು ವರ್ಷಗಳೇ ಬೇಕಾಗಬಹುದು. ಮಗ ಚುರುಕಾಗಿ ಮಾತನಾಡುತ್ತಿದ್ದಾನೆಂದು ನೀವು ನಿಶ್ಚಿಂತರಾದ ಮೇಲೂ ಅಂಕಗಳು ಹಿಂದೆ ಬಿದ್ದರೆ ಅದು ಅವನ ಸೋಮಾರಿತನವಲ್ಲ ಎಂಬುದನ್ನು ದಯವಿಟ್ಟು ನೆನಪಿಡಿ. ಮಗಳ ವಿಷಯದಲ್ಲಿ ನನಗೆ ಇಷ್ಟು ಚಿಂತೆಯಿಲ್ಲ. ನಾಲ್ಕರ ಮಕ್ಕಳಿಗೆ ಅಲ್ಲಿ ಹಾಡು, ಆಟ, ಬಣ್ಣಗಳೇ ಪಾಠ. ಅವಳ ವಿಷಯದಲ್ಲಿ ಎಚ್ಚರ ವಹಿಸಬೇಕಾದದ್ದು ಬೇರೆ: ಅಷ್ಟು ಚಿಕ್ಕ ಮಕ್ಕಳು ಹೊಸ ಭಾಷೆ ಕಲಿಯುವಷ್ಟೇ ಬೇಗ ಹಳೆಯದನ್ನು ಮರೆಯುತ್ತಾರೆ. ಅಜ್ಜಿಯೊಂದಿಗೆ ಪ್ರತಿದಿನವೂ ಹತ್ತು ನಿಮಿಷ ಫೋನಿನಲ್ಲಿ ಹರಟೆ ಹೊಡೆಯುವ ಪದ್ಧತಿಯನ್ನು ಮೊದಲ ವಾರದಿಂದಲೇ ಇಟ್ಟುಕೊಳ್ಳಿ.

ನಮ್ಮ ಮಕ್ಕಳಿಗೆ ಇಲ್ಲಿ ಒಂದು ಅನುಕೂಲವೂ ಇದೆ. ಸ್ಪ್ಯಾನಿಷ್ ಭಾಷೆಯಲ್ಲಿ ಬರೆದಂತೆಯೇ ಓದುವುದು ಹೆಚ್ಚು, ಸ್ವರಗಳು ಐದೇ, ಅದರ ತ, ದ ನಮ್ಮ ತ, ದಗಳಂತೆಯೇ ಹಲ್ಲಿಗೆ ತಾಗಿ ಹುಟ್ಟುತ್ತವೆ. ಮಗ ಹೊರಡುವ ಮುನ್ನ ವ್ಯಾಕರಣ ಕಲಿಯಬೇಕಾಗಿಲ್ಲ. "ಪುಯೆದೊ ಇರ್ ಆಲ್ ಬಾನ್ಯೊ" ಎಂದರೆ ಶೌಚಾಲಯಕ್ಕೆ ಹೋಗಲೇ ಎಂದು. "ಮೆ ದುಯೆಲೆ" ಎಂದು ಹೇಳಿ ಬೆರಳು ತೋರಿಸಿದರೆ ಅಲ್ಲಿ ನೋವು ಎಂದು. ಈ ಎರಡನ್ನು ಬಾಯಿಪಾಠ ಮಾಡಿಸಿ. ಕೇಳಲು ಬಾರದೆ ಬಟ್ಟೆ ಒದ್ದೆ ಮಾಡಿಕೊಂಡ ಮಗು ಆ ಅವಮಾನವನ್ನು ಬಹುಕಾಲ ಮರೆಯುವುದಿಲ್ಲ.

ಇನ್ನು ಊರಿನ ಆಯ್ಕೆ. ವಾಲೆನ್ಸಿಯಾ ಮತ್ತು ಅಲಿಕಾಂತೆ ಎರಡೂ ವಾಲೆನ್ಸಿಯಾ ಸ್ವಾಯತ್ತ ಪ್ರದೇಶಕ್ಕೆ ಸೇರಿವೆ. ಅಲ್ಲಿ ಸ್ಪ್ಯಾನಿಷ್ ಜೊತೆಗೆ ವಾಲೆನ್ಸಿಯನ್ ಕೂಡ ಅಧಿಕೃತ ಭಾಷೆಯಾಗಿದ್ದು ಶಾಲೆಗಳಲ್ಲಿ ಎರಡನ್ನೂ ಕಲಿಸುತ್ತಾರೆ. ಯಾವ ಭಾಷೆಗೆ ಎಷ್ಟು ಪಾಲು ಎಂಬುದು ಶಾಲೆಯಿಂದ ಶಾಲೆಗೆ ಬೇರೆಯಾಗುತ್ತದೆ. ಮಾಲಗಾ ಇರುವ ಆಂದಲೂಸಿಯಾದಲ್ಲಿ ಸ್ಪ್ಯಾನಿಷ್ ಒಂದೇ ಅಧಿಕೃತ ಭಾಷೆ. ನೀವು ಎರಡು ಮೂರು ವರ್ಷಗಳಲ್ಲಿ ಮರಳುವ ಯೋಚನೆಯಲ್ಲಿದ್ದರೆ, ಏಳು ವರ್ಷದ ಮಗನಿಗಾಗಿ ನಾನು ಮಾಲಗಾ ಕಡೆಗೇ ಒಲಿಯುತ್ತೇನೆ. ಹತ್ತು ವರ್ಷ ಇರುವ ಮನಸ್ಸಿದ್ದರೆ ವಾಲೆನ್ಸಿಯಾ ನಗರವೂ ಒಳ್ಳೆಯದು. ನಗರ ದೊಡ್ಡದು, ವರ್ಷವಿಡೀ ಜೀವಂತವಾಗಿರುತ್ತದೆ. ಯಾವುದನ್ನು ಆರಿಸಿದರೂ, ಸಮುದ್ರ ಕಾಣುತ್ತದೆಂಬ ಒಂದೇ ಕಾರಣಕ್ಕೆ ಪ್ರವಾಸಿಗರ ಬಡಾವಣೆಗಳಲ್ಲಿ ಮನೆ ಹಿಡಿಯಬೇಡಿ. ಜುಲೈ, ಆಗಸ್ಟ್‌ನಲ್ಲಿ ಕಿಕ್ಕಿರಿಯುವ ಆ ಜಾಗಗಳಲ್ಲಿ ಚಳಿಗಾಲ ಬಂದರೆ ಅಂಗಡಿಗಳೂ ಮುಚ್ಚಿರುತ್ತವೆ. ನೆರೆಹೊರೆಯವರೆಲ್ಲ ಉತ್ತರ ಯುರೋಪಿನ ನಿವೃತ್ತರಾಗಿದ್ದರೆ ಮಕ್ಕಳ ಕಿವಿಗೆ ಬೀದಿಯಲ್ಲಿ ಸ್ಪ್ಯಾನಿಷ್ ಬೀಳುವುದೇ ಕಡಿಮೆಯಾಗುತ್ತದೆ.

ಮನೆ ಹುಡುಕುವಾಗ ಒಂದು ಮಾತನ್ನು ಕೊಡಗಿನವರಿಗೆ ವಿಶೇಷವಾಗಿ ಹೇಳಬೇಕೆನಿಸುತ್ತದೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದದ್ದನ್ನು ಕಂಡ ನಾವು, ಮಳೆ ಕಡಿಮೆಯಿರುವ ಊರಿಗೆ ಹೋಗುತ್ತಿದ್ದೇವೆಂದು ನಿರಾಳವಾಗುವುದು ಸಹಜ. ವಾಲೆನ್ಸಿಯಾದ ಇಡೀ ವರ್ಷದ ಮಳೆ ಮಡಿಕೇರಿಯ ಮುಂಗಾರಿನ ಒಂದು ತಿಂಗಳಿಗೂ ಸಾಟಿಯಲ್ಲ. ಆದರೆ ಮೆಡಿಟರೇನಿಯನ್ ತೀರದಲ್ಲಿ ಶರತ್ಕಾಲದ ಮಳೆ ಕೆಲವೇ ಗಂಟೆಗಳಲ್ಲಿ ಸುರಿದುಬಿಡುವುದುಂಟು. 2024ರ ಅಕ್ಟೋಬರ್ 29ರಂದು ವಾಲೆನ್ಸಿಯಾ ಸುತ್ತಮುತ್ತ ಬಂದ ಪ್ರವಾಹದಲ್ಲಿ 220ಕ್ಕೂ ಹೆಚ್ಚು ಜನ ಸತ್ತರು. ಮೇಲಿನ ಬೆಟ್ಟಗಳಲ್ಲಿ ಸುರಿದ ನೀರು ಒಣ ಹಳ್ಳಗಳ ಮೂಲಕ ಇಳಿದು, ತಾವೇ ಹೆಚ್ಚು ಮಳೆ ಕಾಣದ ಪೈಪೋರ್ತಾದಂಥ ಊರುಗಳನ್ನು ಮುಳುಗಿಸಿತು. ಮೊಬೈಲಿಗೆ ಎಚ್ಚರಿಕೆಯ ಸಂದೇಶ ಬಂದದ್ದು ರಾತ್ರಿ 8 ಗಂಟೆ ದಾಟಿದ ಮೇಲೆ. ಆದ್ದರಿಂದ ಬೇಸಗೆಯಲ್ಲಿ ಕಲ್ಲುಮಣ್ಣು ಮಾತ್ರ ಕಾಣುವ ಹಳ್ಳದ ಬದಿಯ ನೆಲಮಹಡಿ ಮನೆ ಎಷ್ಟೇ ಅಗ್ಗವಾಗಿ ಸಿಕ್ಕರೂ ಬೇಡ.

ಬಾಡಿಗೆ ಕರಾರಿನಲ್ಲಿಯೂ ಎರಡು ಬಗೆಗಳಿವೆ. ವಾಸಕ್ಕಾಗಿ ಮಾಡಿದ ಕರಾರಿದ್ದರೆ ಬಾಡಿಗೆದಾರರಿಗೆ ಐದು ವರ್ಷಗಳವರೆಗೆ ಉಳಿಯುವ ಹಕ್ಕು ಕಾನೂನಿನಿಂದಲೇ ಸಿಗುತ್ತದೆ. ಕಡಲ ತೀರದಲ್ಲಿ ಹೆಚ್ಚಾಗಿ ಮುಂದೊಡ್ಡುವುದು ಕೆಲವು ತಿಂಗಳುಗಳಿಗಷ್ಟೇ ಮಾಡುವ ಸೀಸನ್ ಕರಾರು. ಅದರಲ್ಲಿ ಈ ರಕ್ಷಣೆ ಇಲ್ಲದ ಕಾರಣ, ಮಕ್ಕಳು ಶಾಲೆಗೆ ಹೊಂದಿಕೊಳ್ಳುವ ಹೊತ್ತಿಗೆ, ಬೇಸಗೆಯ ಪ್ರವಾಸಿಗರಿಗಾಗಿ ಮನೆ ಖಾಲಿ ಮಾಡಬೇಕಾದೀತು. ಕರಾರು ಕೈಗೆ ಬಂದೊಡನೆ ಊರಿನ ಪುರಸಭೆಯಲ್ಲಿ ಎಂಪದ್ರೊನಮಿಯೆಂತೊ ಎಂಬ ವಿಳಾಸ ನೋಂದಣಿ ಮಾಡಿಸಿ. ಶಾಲೆಯ ಸೀಟಿಗೂ ಸರ್ಕಾರಿ ಆರೋಗ್ಯ ಕೇಂದ್ರಕ್ಕೂ ಅದೇ ಬುನಾದಿ, ಮನೆಗೆ ಹತ್ತಿರದ ಶಾಲೆ ಸಿಗುವುದೂ ಅದರಿಂದಲೇ.

ಶಾಲಾ ವರ್ಷ ಸೆಪ್ಟೆಂಬರಿನಲ್ಲಿ ಆರಂಭವಾಗಿ ಜೂನ್‌ನಲ್ಲಿ ಮುಗಿಯುತ್ತದೆ. ತರಗತಿಯನ್ನು ಹುಟ್ಟಿದ ಇಸವಿಯ ಮೇಲೆ ನಿರ್ಧರಿಸುತ್ತಾರೆ: ಆರು ತುಂಬುವ ವರ್ಷದ ಸೆಪ್ಟೆಂಬರಿನಲ್ಲಿ ಮೊದಲನೇ ತರಗತಿ. ಹಾಗಾಗಿ ಈ ಸೆಪ್ಟೆಂಬರಿಗೆ ಮಗ ಎರಡನೇ ತರಗತಿಗೂ ಮಗಳು ಶಿಶುವಿಹಾರಕ್ಕೂ ಸೇರುತ್ತಾರೆ. ಸರ್ಕಾರಿ ಶಾಲೆಯಲ್ಲಿ ಮೂರು ವರ್ಷದಿಂದಲೇ ಬೋಧನೆ ಉಚಿತ, ಊಟಕ್ಕೆ ಬೇರೆ ಹಣ ಕೊಡಬೇಕು. ಪ್ರವೇಶದ ಅರ್ಜಿಗಳನ್ನು ವಸಂತದಲ್ಲೇ ಕರೆಯುತ್ತಾರೆ. ಆಂದಲೂಸಿಯಾದಲ್ಲಿ ಮಾರ್ಚ್ ತಿಂಗಳಿನಲ್ಲಿ. ತಡವಾಗಿ ಬಂದವರಿಗೂ ಸೀಟು ಸಿಗುತ್ತದೆ, ಆದರೆ ಖಾಲಿ ಇದ್ದಲ್ಲಿ ಮಾತ್ರ. ನೀವು ಆಗಸ್ಟ್ ಆರಂಭದೊಳಗೆ ತಲಪಿ, ಮಕ್ಕಳು ಬೀದಿಗೂ ಬಿಸಿಲಿಗೂ ಒಗ್ಗಿಕೊಂಡು, ಎಲ್ಲರೂ ಹೊಸಬರಾಗಿರುವ ಮೊದಲ ದಿನವೇ ತರಗತಿಗೆ ಹೋಗುವಂತಾದರೆ ಒಳ್ಳೆಯದು.

ವೀಸಾ ವಿಷಯವನ್ನು ಚುಟುಕಾಗಿ ಹೇಳುತ್ತೇನೆ. ಹೊರದೇಶದ ಕಂಪೆನಿಗೆ ದೂರದಿಂದ ದುಡಿಯುವವರಿಗಾಗಿ 2022ರ ಕಾಯ್ದೆಯೊಂದರ ಮೂಲಕ ಸ್ಪೇನ್ ಪ್ರತ್ಯೇಕ ವೀಸಾ ತಂದಿದೆ. ಅಲ್ಲಿನ ಕನಿಷ್ಠ ವೇತನದ ಎರಡರಷ್ಟು ಆದಾಯ ಅರ್ಜಿದಾರರಿಗೆ, ಅದರ ಮೇಲೆ ಸಂಗಾತಿಗೆ ಕನಿಷ್ಠ ವೇತನದ ಶೇ 75, ಪ್ರತಿ ಮಗುವಿಗೆ ಶೇ 25 ಬೇಕು. ನಿಮ್ಮ ನಾಲ್ವರ ಕುಟುಂಬಕ್ಕೆ ಕನಿಷ್ಠ ವೇತನದ ಮೂರೂಕಾಲು ಪಟ್ಟು ಎಂದಾಯಿತು. ನಿಮ್ಮ ಪತಿಯ ಸಾಮಾಜಿಕ ಭದ್ರತೆಯ ವಂತಿಗೆಯನ್ನು ಯಾವ ದೇಶದಲ್ಲಿ ಕಟ್ಟಲಾಗುತ್ತದೆ ಎಂಬುದನ್ನು ಕಂಪೆನಿಯಿಂದ ಬರಹದಲ್ಲಿ ಪಡೆಯಿರಿ, ಅನೇಕ ಅರ್ಜಿಗಳು ಸಿಕ್ಕಿಕೊಳ್ಳುವುದು ಅಲ್ಲಿಯೇ. ಮಕ್ಕಳ ಜನನ ಪ್ರಮಾಣಪತ್ರ, ನಿಮ್ಮ ವಿವಾಹ ಪ್ರಮಾಣಪತ್ರಗಳಿಗೆ ನಮ್ಮ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ ಮುದ್ರೆ (ದಾಖಲೆ ಅಸಲಿ ಎಂದು ಪರದೇಶದಲ್ಲೂ ಒಪ್ಪುವ ದೃಢೀಕರಣ) ಹಾಕಿಸಿ, ಅಧಿಕೃತ ಅನುವಾದಕರಿಂದ ಸ್ಪ್ಯಾನಿಷಿಗೆ ಮಾಡಿಸಬೇಕು. ಮದುವೆ ಕೊಡವ ಸಮಾಜದಲ್ಲಿ ಎಷ್ಟೇ ಸಾಂಗವಾಗಿ ನಡೆದಿದ್ದರೂ ಉಪನೋಂದಣಿ ಕಚೇರಿಯ ಪ್ರಮಾಣಪತ್ರವಿಲ್ಲದೆ ಈ ಕೆಲಸ ಮುಂದೆ ಸಾಗದು. ಮಕ್ಕಳ ಪಾಸ್‌ಪೋರ್ಟಿನಲ್ಲಿ ಮನೆಹೆಸರಿನ ಜಾಗ ಖಾಲಿಯಿದ್ದರೆ ಈಗಲೇ ತುಂಬಿಸಿ. ಸ್ಪೇನಿನಲ್ಲಿ ಎಲ್ಲರಿಗೂ ಎರಡೆರಡು ಮನೆಹೆಸರುಗಳಿರುವುದರಿಂದ ಅಲ್ಲಿನ ಪ್ರತಿಯೊಂದು ಅರ್ಜಿಯೂ ಅದನ್ನು ಕೇಳುತ್ತದೆ. ಲಸಿಕೆಯ ಕಾರ್ಡನ್ನು ಮಾತ್ರ ಕೈಚೀಲದಲ್ಲೇ ಒಯ್ಯಿರಿ. ನಮ್ಮಲ್ಲಿ ಹುಟ್ಟಿದೊಡನೆ ಹಾಕುವ ಬಿಸಿಜಿ ಅಲ್ಲಿ ಎಲ್ಲ ಮಕ್ಕಳಿಗೂ ಹಾಕುವ ಲಸಿಕೆಯಲ್ಲ, ಅದರಿಂದ ಕ್ಷಯದ ಚರ್ಮ ಪರೀಕ್ಷೆಯಲ್ಲಿ ಊತ ಕಂಡರೆ ವೈದ್ಯರಿಗೆ ಕಾರಣ ತೋರಿಸಬೇಕಾಗುತ್ತದೆ.

ಪ್ರಶ್ನೆ: ನಾನು ಸೋಮವಾರಪೇಟೆ ತಾಲ್ಲೂಕಿನ ಕಾಫಿ ಬೆಳೆಗಾರ. ಮಗ, ಸೊಸೆ ಮತ್ತು ಇಬ್ಬರು ಮೊಮ್ಮಕ್ಕಳು ಸ್ಪೇನಿನ ಕಡಲ ತೀರಕ್ಕೆ ಹೋಗಿ ನೆಲೆಸಲಿದ್ದಾರೆ. ತೋಟವನ್ನು ಮಗನ ಹೆಸರಿಗೆ ಮಾಡುವ ಯೋಚನೆಯಿದೆ. ಈಗ ಮಾಡಬೇಕೋ, ಅವನು ಅಲ್ಲಿ ನೆಲೆ ನಿಂತ ಮೇಲೋ? ಮೊಮ್ಮಕ್ಕಳು ಆ ದೇಶದವರೇ ಆಗಿಬಿಟ್ಟರೆ ತೋಟದ ಗತಿಯೇನು?
– ಬೆಳೆಗಾರರು, ಸೋಮವಾರಪೇಟೆ

ಉತ್ತರ: ತಮ್ಮ ಪ್ರಶ್ನೆ ಸಕಾಲದಲ್ಲಿ ಬಂದಿದೆ. ಉದ್ಯೋಗಕ್ಕಾಗಿ ದೇಶ ಬಿಟ್ಟು ಹೋದವರು ವಿದೇಶಿ ವಿನಿಮಯ ಕಾನೂನಿನ ದೃಷ್ಟಿಯಲ್ಲಿ ಅನಿವಾಸಿಗಳಾಗುತ್ತಾರೆ. ಅನಿವಾಸಿಗಳು ಕೃಷಿ ಭೂಮಿಯನ್ನಾಗಲಿ ತೋಟವನ್ನಾಗಲಿ ಕೊಳ್ಳುವಂತಿಲ್ಲ, ದಾನಪತ್ರದ ಮೂಲಕ ಪಡೆಯುವಂತೆಯೂ ಇಲ್ಲ. ಆದರೆ ಹೊರಡುವ ಮುನ್ನ ತಮ್ಮದಾಗಿದ್ದ ಭೂಮಿಯನ್ನು ಇಟ್ಟುಕೊಳ್ಳಬಹುದು, ವಾರಸುದಾರಿಕೆಯಿಂದ ಬಂದದ್ದನ್ನು ಪಡೆಯಬಹುದು. ಆದ್ದರಿಂದ ದಾನಪತ್ರ ಮಾಡುವುದಾದರೆ ಮಗ ವಿಮಾನ ಹತ್ತುವ ಮೊದಲೇ ನೋಂದಣಿಯಾಗಬೇಕು. ಇಲ್ಲವಾದರೆ ಉಯಿಲು ಬರೆದಿಡುವುದೇ ಸರಿಯಾದ ದಾರಿ. ತೋಟದ ವ್ಯವಹಾರ ಇನ್ನೂ ತಮ್ಮ ಕೈಯಲ್ಲೇ ಇರುವುದರಿಂದ ಉಯಿಲೇ ಮೇಲು ಎಂಬುದು ನನ್ನ ಅಭಿಪ್ರಾಯ. ವಂಶಪಾರಂಪರ್ಯ ಹಿಡುವಳಿಯಾದ ಜಮ್ಮಾ ಜಾಗವಾಗಿದ್ದರೆ, ಕುಟುಂಬದ ಪರವಾಗಿ ದಾಖಲೆಯಲ್ಲಿರುವ ಪಟ್ಟೆದಾರರ ಹೆಸರಿನಡಿ ಮಗನ ಪಾಲು ಎಷ್ಟೆಂಬುದನ್ನು ಕುಟುಂಬದವರೆಲ್ಲ ಊರಿನಲ್ಲಿರುವಾಗಲೇ ಕಾಗದದ ಮೇಲೆ ತನ್ನಿ.

ಮಗನ ಹೆಸರಿಗೆ ಈಗಲೇ ಮಾಡಿದರೆ ಇನ್ನೊಂದು ತೊಡಕೂ ಇದೆ. ಒಂದು ಕ್ಯಾಲೆಂಡರ್ ವರ್ಷದಲ್ಲಿ 183 ದಿನಗಳಿಗಿಂತ ಹೆಚ್ಚು ಇದ್ದವರನ್ನು ಸ್ಪೇನ್ ತನ್ನ ತೆರಿಗೆ ನಿವಾಸಿ ಎಂದು ಪರಿಗಣಿಸಿ, ಲೋಕದ ಎಲ್ಲೆಡೆಯ ಆದಾಯದ ಲೆಕ್ಕ ಕೇಳುತ್ತದೆ. ಇಲ್ಲಿ ಕೃಷಿ ಆದಾಯವೆಂದು ತೆರಿಗೆಯಿಲ್ಲದೆ ಹೋಗುವ ಕಾಫಿ ಹಣಕ್ಕೆ ಅಲ್ಲಿ ಆ ಹೆಸರಿನ ರಿಯಾಯಿತಿ ಸಿಗುವುದಿಲ್ಲ. ಹೊರದೇಶದಲ್ಲಿರುವ ಆಸ್ತಿ 50,000 ಯೂರೋ ಮೀರಿದರೆ ಅದನ್ನು ಘೋಷಿಸುವ ಕರ್ತವ್ಯವೂ ಇದೆ, ತೋಟದ ಬೆಲೆ ಆ ಗೆರೆಯನ್ನು ಸುಲಭವಾಗಿ ದಾಟುತ್ತದೆ. ಹೊಸದಾಗಿ ಬಂದ ಉದ್ಯೋಗಿಗಳಿಗೆ ಆರು ತೆರಿಗೆ ವರ್ಷಗಳ ವಿಶೇಷ ಪದ್ಧತಿಯೊಂದಿದ್ದು, ಅದನ್ನು ಆರಿಸಿಕೊಂಡವರಿಗೆ ಈ ಹೊರೆ ಬಹುಮಟ್ಟಿಗೆ ತಪ್ಪುತ್ತದೆ. ಎರಡೂ ದೇಶಗಳ ತೆರಿಗೆ ಬಲ್ಲ ಲೆಕ್ಕಪರಿಶೋಧಕರೊಬ್ಬರನ್ನು ಮಗ ಹೋಗುವ ಮುನ್ನವೇ ಕಾಣಲಿ.

ಮೊಮ್ಮಕ್ಕಳ ಬಗ್ಗೆ ತಮಗೆ ಅವಸರದ ಆತಂಕ ಬೇಡ. ಭಾರತೀಯರು ಸ್ಪೇನಿನ ಪೌರತ್ವ ಕೇಳಲು ಸಾಮಾನ್ಯವಾಗಿ 10 ವರ್ಷಗಳ ಕಾನೂನುಬದ್ಧ ವಾಸ ಬೇಕು. ನಮ್ಮ ದೇಶ ಎರಡು ಪೌರತ್ವಗಳನ್ನು ಒಪ್ಪದ ಕಾರಣ ಅಂದು ಒಂದನ್ನು ಬಿಡಬೇಕಾಗುತ್ತದೆ. ಆ ನಿರ್ಧಾರವನ್ನು ಅವರು ದೊಡ್ಡವರಾಗಿ ತಾವೇ ಮಾಡಲಿ. ಅಲ್ಲಿಯವರೆಗೆ ತೋಟದ ಮೇಲೆ ಅವರಿಗೆ ಅಕ್ಕರೆ ಹುಟ್ಟಿಸುವುದು ತಮ್ಮ ಕೈಯಲ್ಲಿದೆ. ಪುತ್ತರಿಯ ಹೊತ್ತಿಗೆ ಅಲ್ಲಿ ಶಾಲೆ ನಡೆಯುತ್ತಿರುವುದರಿಂದ ಅವರು ಬರಲಾರರು. ಆದರೆ ಜೂನ್ ಕೊನೆಯಿಂದ ಸೆಪ್ಟೆಂಬರ್ ಮೊದಲವರೆಗೆ ದೀರ್ಘ ರಜೆ. ಮಳೆಯೆಂದು ಬೇಡವೆನ್ನದೆ ಆಗಲೇ ಕರೆಸಿಕೊಳ್ಳಿ: ಆಗಸ್ಟ್ ಆರಂಭದಲ್ಲಿ ಬರುವ ಕಕ್ಕಡ ತಿಂಗಳ 18ರಂದು ಮದ್ದು ಸೊಪ್ಪಿನ ಪಾಯಸ ತಿಂದು, ಮರುದಿನ ಮೂತ್ರದ ಬಣ್ಣ ಬದಲಾಗಿದ್ದನ್ನು ಕಂಡು ಕೂಗಿಕೊಳ್ಳುವ ಮಕ್ಕಳಿಗೆ ಅಜ್ಜನ ಮನೆ ಮರೆಯುವುದಿಲ್ಲ.

ಪ್ರಶ್ನೆ: ಮಗಳ ಮನೆಯವರು ಮಾಲಗಾಕ್ಕೆ ಹೊರಟಿದ್ದಾರೆ. ಮೊಮ್ಮಕ್ಕಳಿಗಾಗಿ ಮನೆಯ ತುಪ್ಪ, ಹಂದಿ ಮಾಂಸದ ಉಪ್ಪಿನಕಾಯಿ, ಜೇನು, ಕಾಚಂಪುಳಿ ಕಳುಹಿಸಬಹುದೇ?
– ಓದುಗರು, ಮಡಿಕೇರಿ

ಉತ್ತರ: ತುಪ್ಪ ಮತ್ತು ಹಂದಿ ಮಾಂಸದ ಉಪ್ಪಿನಕಾಯಿ ಎರಡನ್ನೂ ಕಳುಹಿಸಬೇಡಿ. ಯುರೋಪಿನ ಒಕ್ಕೂಟದ ಹೊರಗಿನಿಂದ ಪ್ರಯಾಣಿಕರು ಮಾಂಸ ಮತ್ತು ಹಾಲಿನ ಪದಾರ್ಥಗಳನ್ನು ತರುವುದಕ್ಕೆ ನಿಷೇಧವಿದೆ. ಸಿಕ್ಕಿದರೆ ಕಿತ್ತುಕೊಳ್ಳುತ್ತಾರೆ, ದಂಡವೂ ಬೀಳಬಹುದು. ಜೇನನ್ನು ತಲಾ 2 ಕಿಲೋವರೆಗೆ ಒಯ್ಯಬಹುದು. ಕಾಚಂಪುಳಿ, ಹುರಿದ ಕಾಫಿ ಪುಡಿ, ಒಣ ಕರಿಮೆಣಸಿಗೆ ತೊಂದರೆಯಿಲ್ಲ. ಕಿತ್ತಳೆ ಸಸಿ ಒಯ್ಯುವುದಕ್ಕೆ ನಿಷೇಧವಿದೆ, ಹಸಿ ಸೊಪ್ಪು, ಬೇರುಗಳಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕಾಗುತ್ತದೆ, ಆದ್ದರಿಂದ ಅವನ್ನೆಲ್ಲ ಇಲ್ಲಿಯೇ ಬಿಡಲಿ. ಹಂದಿ ಮಾಂಸ ಅಲ್ಲಿ ಪ್ರತಿಯೊಂದು ಪೇಟೆಯಲ್ಲೂ ಸಿಗುತ್ತದೆ, ಅಕ್ಕಿಗೂ ಕೊರತೆಯಿಲ್ಲ. ನಿಮ್ಮ ಕಾಚಂಪುಳಿಯೊಂದಿದ್ದರೆ ಮಗಳು ಅಲ್ಲಿಯೇ ಪಂದಿ ಕರಿ ಮಾಡಿಕೊಳ್ಳುತ್ತಾಳೆ. ಅದನ್ನು ಗಾಜಿನ ಬಾಟಲಿಯ ಬದಲು ಬಿಗಿ ಮುಚ್ಚಳದ ಪ್ಲಾಸ್ಟಿಕ್ ಬಾಟಲಿಗೆ ತುಂಬಿ, ಎರಡು ಪದರ ಕವರಿನಲ್ಲಿ ಸುತ್ತಿ, ಕೈಚೀಲದ ಬದಲು ದೊಡ್ಡ ಪೆಟ್ಟಿಗೆಯಲ್ಲಿ ಇಡಿಸಿ.