ಫಾರ್ಮಿನಲ್ಲಿ ಎಥ್ನಿಸಿಟಿ ಕಾಲಂ ಖಾಲಿ ಬಿಡಬೇಡಿ

ಇಂಗ್ಲೆಂಡಿಗೆ ಬಂದು ಆರು ತಿಂಗಳಾಯಿತು, ವಯಸ್ಸು 42, ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 24, ತೆಳ್ಳಗಿರುವ ನನಗೂ ಎನ್‌ಎಚ್‌ಎಸ್ (ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ) ಹೆಲ್ತ್ ಚೆಕ್ ಬೇಕೇ, ಅದರಲ್ಲಿ ಎಥ್ನಿಸಿಟಿ (ಜನಾಂಗ ಮೂಲ) ಯಾಕೆ ಕೇಳುತ್ತಾರೆ ಅಂತ ಬರೆದಿದ್ದೀರಿ. ಖಂಡಿತ ಹೋಗಿ. 40ರಿಂದ 74 ವಯಸ್ಸಿನವರಿಗೆ ಐದು ವರ್ಷಕ್ಕೊಮ್ಮೆ ಪುಕ್ಕಟೆಯಾಗಿ ಮಾಡುತ್ತಾರೆ.

ಹತ್ತು ವರ್ಷದೊಳಗೆ ಹಾರ್ಟ್ ಅಟ್ಯಾಕ್ ಅಥವಾ ಸ್ಟ್ರೋಕ್ ಆಗುವ ಸಂಭವವನ್ನು ಇಲ್ಲಿ ಕ್ಯೂರಿಸ್ಕ್3 ಲೆಕ್ಕದಿಂದ ತೆಗೆಯುತ್ತಾರೆ. ಅದರಲ್ಲಿ ಇಂಡಿಯನ್, ಪಾಕಿಸ್ತಾನಿ, ಬಾಂಗ್ಲಾದೇಶಿ ಅಂತ ಬೇರೆಬೇರೆ ಆಯ್ಕೆಗಳಿವೆ. ಮೊದಲ ಆಯ್ಕೆ 'ಬಿಳಿಯರು ಅಥವಾ ತಿಳಿಸಿಲ್ಲ'. ಅಂದರೆ ನೀವು ಹೇಳದೆ ಬಿಟ್ಟರೆ ಬಿಳಿಯರ ಲೆಕ್ಕವೇ ನಿಮಗೂ ಬೀಳುತ್ತದೆ, ಅಂಕಿ ಕಡಿಮೆ ಬರುತ್ತದೆ. ಶೇ. 10 ದಾಟಿದರೆ ಸಾಮಾನ್ಯವಾಗಿ ಕೊಲೆಸ್ಟ್ರಾಲ್ ಇಳಿಸುವ ಮಾತ್ರೆ ಅಟೊರ್ವಾಸ್ಟಾಟಿನ್ 20 ಮಿ.ಗ್ರಾಂ ಶುರು ಮಾಡುವ ಮಾತು ಬರುತ್ತದೆ, ಹಾಗಾಗಿ ಈ ವ್ಯತ್ಯಾಸ ಸಣ್ಣದಲ್ಲ. ತಂದೆ, ತಾಯಿ, ಒಡಹುಟ್ಟಿದವರಲ್ಲಿ ಯಾರಿಗಾದರೂ 60ರೊಳಗೆ ಹೃದಯದ ತೊಂದರೆ ಆಗಿದ್ದರೆ ಅದನ್ನೂ ತಪ್ಪದೆ ಹೇಳಿ.

ರಕ್ತನಾಳ ಕಟ್ಟುವ ಜಾಗವೂ ಎಲ್ಲರಲ್ಲಿ ಒಂದೇ ಅಲ್ಲ. ಬಿಳಿಯರಲ್ಲಿ ಮಿದುಳಿಗೆ ರಕ್ತ ಒಯ್ಯುವ ಕತ್ತಿನ ಕ್ಯಾರಟಿಡ್ ನಾಳ ಹೆಚ್ಚಾಗಿ ಕಟ್ಟುತ್ತದೆ. ನಮ್ಮವರಲ್ಲಿ, ಅಂದರೆ ದಕ್ಷಿಣ ಏಷ್ಯಾದವರಲ್ಲಿ, ಹೃದಯದ ನಾಳಗಳು, ತಲೆಬುರುಡೆಯ ಒಳಗಿನ ನಾಳಗಳು. ಕತ್ತಿನ ಸ್ಕ್ಯಾನ್ ಚೆನ್ನಾಗಿದೆ ಅಂದಮಾತ್ರಕ್ಕೆ ನಾವು ನಿಶ್ಚಿಂತರಾಗುವಂತಿಲ್ಲ. ಆಫ್ರಿಕನ್, ಕೆರಿಬಿಯನ್ ಮೂಲದವರಿಗೆ ಬಿಪಿ ಮತ್ತು ಸ್ಟ್ರೋಕಿನ ಕಾಟ ಜಾಸ್ತಿ, ಅವರಿಗೆ ಬಿಪಿಗೆ ಕೊಡುವ ಮೊದಲ ಮಾತ್ರೆ ಸಾಮಾನ್ಯವಾಗಿ ಆಮ್ಲೋಡಿಪಿನ್. 55ರೊಳಗಿನ ನಮಗೆ ರಾಮಿಪ್ರಿಲ್ ಜಾತಿಯದು. ಸಹೋದ್ಯೋಗಿಯ ಮಾತ್ರೆ ನೋಡಿ ಗಾಬರಿಯಾಗಬೇಡಿ.

ಬಿಎಂಐ 24 ನಮಗೆ ನಾರ್ಮಲ್ ಅಲ್ಲ. ದಕ್ಷಿಣ ಏಷ್ಯಾದವರಿಗೆ ಅಪಾಯದ ಗೆರೆ 23ಕ್ಕೇ ಶುರು, ಹೆಚ್ಚಿನ ಅಪಾಯ 27.5ರಿಂದ. ಕೈಕಾಲು ತೆಳ್ಳಗಿದ್ದು ಹೊಟ್ಟೆಯಲ್ಲಿ ಕೊಬ್ಬು ಕೂತರೆ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ, ಸಕ್ಕರೆ ಕಾಯಿಲೆ ಬೇಗ ಬರುತ್ತದೆ. ಟೇಪ್ ಹಿಡಿದು ಸೊಂಟ ಅಳೆಯಿರಿ: ಎತ್ತರ 168 ಸೆಂ.ಮೀ. ಇದ್ದರೆ ಸೊಂಟ ಅದರ ಅರ್ಧ, ಅಂದರೆ 84ರ ಒಳಗಿರಬೇಕು.

ಇಂಡಿಯಾದ ಹಳೆಯ ರಿಪೋರ್ಟ್ ಒಯ್ಯಿರಿ, ಆದರೆ ಅಳತೆಯ ಮಾನ ಬೇರೆ (ಅಲ್ಲಿ ಮಿ.ಗ್ರಾಂ, ಇಲ್ಲಿ ಮಿಲಿಮೋಲ್). ಕೊಲೆಸ್ಟ್ರಾಲನ್ನು 38.67ರಿಂದ ಭಾಗಿಸಿ (200 ಅಂದರೆ ಇಲ್ಲಿ 5.2), ಗ್ಲೂಕೋಸನ್ನು 18ರಿಂದ. ಎಚ್‌ಬಿಎ1ಸಿ (ಕಳೆದ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ) ಶೇ. 6.5 ಅಂದರೆ ಇಲ್ಲಿ 48.

ಸರ್ಜರಿಯಲ್ಲಿ (ಡಾಕ್ಟರ ಕ್ಲಿನಿಕ್ಕಿಗೆ ಇಲ್ಲಿನ ಹೆಸರು) ಬಿಪಿ 140/90 ದಾಟಿದರೆ ಮನೆಯಲ್ಲಿ ನೋಡಿಕೊಳ್ಳಲು ಹೇಳಬಹುದು. ಬೆಳಿಗ್ಗೆ, ಸಂಜೆ, ಕೂತು, ಒಂದು ನಿಮಿಷ ಬಿಟ್ಟು ಎರಡೆರಡು ಸಲ. ಕನಿಷ್ಠ 4 ದಿನ, ಸಾಧ್ಯವಾದರೆ 7 ದಿನ. ಮೊದಲ ದಿನದ್ದು ಬಿಟ್ಟು ಸರಾಸರಿ ತೆಗೆಯಿರಿ. ಮನೆಯ ಗೆರೆ 135/85.

ಇದೊಂದನ್ನು ದಯವಿಟ್ಟು ಮನೆಯವರಿಗೂ ಹೇಳಿಕೊಡಿ. ಮುಖ ಸೊಟ್ಟಗಾಯಿತು, ಕೈ ಎತ್ತಲಾಗುತ್ತಿಲ್ಲ, ಮಾತು ತೊದಲಿತು ಅಂದರೆ ಅದು ಸ್ಟ್ರೋಕ್ ಇರಬಹುದು, ತಕ್ಷಣ 999ಕ್ಕೆ (ಆಂಬುಲೆನ್ಸ್) ಫೋನ್ ಮಾಡಿ. ಹತ್ತು ನಿಮಿಷದಲ್ಲಿ ಸರಿಹೋದರೂ ಸರಿ, ಕರೆ ಮಾಡಿ. ನೀವಾಗಿ ಆಸ್ಪಿರಿನ್ ಕೊಡಬೇಡಿ, ಒಳಗೆ ರಕ್ತಸ್ರಾವವೋ ಹೆಪ್ಪೋ ಎಂಬುದು ಸ್ಕ್ಯಾನ್ ಆಗುವತನಕ ಗೊತ್ತಾಗದು. ಕೊನೆಯದಾಗಿ ಚೆನ್ನಾಗಿದ್ದ ಸಮಯ ಬರೆದಿಟ್ಟುಕೊಳ್ಳಿ. ಹೆಪ್ಪು ಕರಗಿಸುವ ಇಂಜೆಕ್ಷನ್ನಿನ ನಾಲ್ಕೂವರೆ ಗಂಟೆ ಎಣಿಸುವುದು ಅಲ್ಲಿಂದಲೇ.