ಅನುಮಾನವನ್ನು ಆರೋಪ ಅಂತ ಬರೆಯಬಹುದೇ?

ಪ್ರಶ್ನೆ: ಮುಂಬಯಿಯ ಘಾಟ್ಕೋಪರಿನಲ್ಲಿ ಅಪ್ಪ ನಡೆಸುತ್ತಿದ್ದ ಹೋಟೆಲಿನ ಪಾಲಿಗಾಗಿ ಅಣ್ಣನ ಮೇಲೆ ದಾವೆ ಹಾಕುತ್ತಿದ್ದೇನೆ. ಒಂದು ಪತ್ರದಲ್ಲಿ ಅಪ್ಪನ ಸಹಿ ನಕಲಿ ಇರಬಹುದು ಎಂದು ವಕೀಲರಿಗೆ ಹೇಳಿದ್ದೆ. ಅವರು ‘ಅಣ್ಣ ವಂಚಕ, ಕುಡುಕ’ ಎಂದೇ ಬರೆದಿದ್ದಾರೆ. ಸಹಿ ಹಾಕಲೇ?

ಉತ್ತರ: ಈಗಲೇ ಹಾಕಬೇಡಿ. ದಾವೆಯ ಕೊನೆಯಲ್ಲಿ ‘ಇದೆಲ್ಲ ನಿಜ’ ಎಂದು ಪ್ರಮಾಣ ಮಾಡುವವರು ನೀವು. ಯಾವುದು ಸ್ವತಃ ಗೊತ್ತು, ಯಾವುದು ಕೇಳಿ ನಂಬಿದ್ದು ಎಂದು ಬೇರೆಬೇರೆಯಾಗಿ ತೋರಿಸಬೇಕು.

ವಕೀಲರಿಗೂ ಹೊಣೆ ಇದೆ. ಕಕ್ಷಿದಾರ ಹೇಳಿದ್ದನ್ನೆಲ್ಲ ಒಪ್ಪಿಸುವ ಬಾಯಿ ಆಗಬಾರದು, ಅರ್ಜಿಯಲ್ಲಿ ಹೀನಾಯವಾಗಿ ಬೈಯಬಾರದು ಎಂದು ಭಾರತೀಯ ವಕೀಲರ ಪರಿಷತ್ತಿನ ನಿಯಮವೇ ಹೇಳುತ್ತದೆ. ‘ವಂಚನೆ’ ಎಂದು ಸುಮ್ನೆ ಬರೆದರೂ ಸಾಲದು. ಸಿವಿಲ್ ಪ್ರಕ್ರಿಯಾ ಸಂಹಿತೆಯ 6ನೇ ಆದೇಶ, 4ನೇ ನಿಯಮದಂತೆ ವಿವರ ಬೇಕು, ತಾರೀಕು ಬೇಕು.

ಫೋರ್ಟಿನ ಸಿಟಿ ಸಿವಿಲ್ ಕೋರ್ಟಿಗೆ ಹೊಸದಾಗಿ ಹೋಗುತ್ತಿದ್ದಾಗ ನಾನೂ ಕಕ್ಷಿದಾರರೊಬ್ಬರ ಮಾತು ನಂಬಿ, ಅವರ ತಂಗಿ ಒಡವೆ ಕದ್ದಳು ಎಂದು ಬರೆದಿದ್ದೆ. ಒಡವೆ ಆಮೇಲೆ ಅವರದೇ ಲಾಕರಿನಲ್ಲಿ ಸಿಕ್ಕಿತು. ಆ ಹೆಣ್ಣುಮಗಳು ಕೋರ್ಟಿನ ಮೆಟ್ಟಿಲ ಮೇಲೆ ಕೂತು ಅತ್ತದ್ದು ಇವತ್ತಿಗೂ ಕಣ್ಣ ಮುಂದಿದೆ. ಅಂದಿನಿಂದ ಕಾಗದ ನೋಡದೆ ನಾನು ಒಂದು ಆರೋಪವನ್ನೂ ಬರೆದಿಲ್ಲ.

‘ಕುಡುಕ’ ಎನ್ನುವುದನ್ನು ತೆಗೆಸಿ. ಪಾಲಿಗೂ ಅದಕ್ಕೂ ಸಂಬಂಧವಿಲ್ಲ, ಅಲ್ವಾ? ಅಂಥ ಮಾತನ್ನು ಕೋರ್ಟೇ ಹೊಡೆದುಹಾಕಬಹುದು. ಅಪ್ಪನ ಹಳೆಯ ಚೆಕ್ಕು, ಪತ್ರ ಏನಿದ್ದರೂ ಹುಡುಕಿ ವಕೀಲರಿಗೆ ಕೊಡಿ. ಸಹಿಯನ್ನು ಹೋಲಿಸಿ ನೋಡಲಿ. ಅಲ್ಲಿಯವರೆಗೆ ‘ಅನುಮಾನ’ ಎಂದೇ ಬರೆಸಿ, ಯಾಕೆ ಅನುಮಾನ ಎಂಬುದನ್ನೂ ಸೇರಿಸಿ.