ನಮ್ಮ ಹೆಸರಿನ ಫೋನ್ ಬೇಕೋ, ನಮ್ಮ ಕೈಯ ಬಿಡಿಭಾಗ ಬೇಕೋ?

ಚಿಂತಾಮಣಿಯ ಓದುಗರೊಬ್ಬರು ಬರೆದಿದ್ದಾರೆ: "ಮಗಳು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಕೋಲಾರದ ಕಡೆ ಫೋನ್ ಫ್ಯಾಕ್ಟರಿಗೆ ಸೇರಿದ್ದಾಳೆ. ಶಿಫ್ಟ್ ಪೂರ್ತಿ ಒಂದೇ ಸ್ಕ್ರೂ ಹಾಕುವ ಕೆಲಸ. ಒಳಗಿನ ಸಾಮಾನು ಹೊರಗಿನದು, ಮೇಲಿನ ಹೆಸರೂ ಹೊರಗಿನದು. ಹೋದ ಸಂಚಿಕೆಯಲ್ಲಿ ಇದನ್ನು ನೀವು ನಮ್ಮ ಫೋನ್ ಉದ್ಯಮ ಎಂದಿರಿ. ನಮ್ಮದೇ ಕಂಪನಿಯ ಫೋನ್ ಇಲ್ಲದೆ ಅದು ಹೇಗೆ ನಮ್ಮ ಉದ್ಯಮ? ಮಗಳು ಅಲ್ಲೇ ಇರಬೇಕೋ, ಬಿಡಬೇಕೋ?"

ನಮಸ್ಕಾರ ಸರ್. ನಿಮ್ಮ ಸಿಟ್ಟು ಅರ್ಥವಾಗುತ್ತದೆ, ಅರ್ಧ ಒಪ್ಪುತ್ತೇನೆ ಕೂಡ. ಆದರೆ ಹೆಸರು ನಮ್ಮದಾದರೆ ಸಾಕು ಎನ್ನುವುದನ್ನು ಒಪ್ಪಲಾರೆ.

ನಮ್ಮ ಹೆಸರಿನ ಫೋನ್‌ಗಳು ಇದ್ದವು, ಅಲ್ವಾ? ಮೈಕ್ರೋಮ್ಯಾಕ್ಸ್, ಕಾರ್ಬನ್, ಲಾವಾ, ಇಂಟೆಕ್ಸ್. 2014ರ ಕೊನೆಯಲ್ಲಿ ಮೈಕ್ರೋಮ್ಯಾಕ್ಸ್ ನಮ್ಮ ಸ್ಮಾರ್ಟ್‌ಫೋನ್ ಮಾರುಕಟ್ಟೆಯಲ್ಲಿ ಸ್ಯಾಮ್‌ಸಂಗ್‌ಗಿಂತ ಮುಂದಿದೆ ಎಂದು ಮಾರುಕಟ್ಟೆ ಅಧ್ಯಯನ ಮಾಡುವ ಕೆನಾಲಿಸ್ ಸಂಸ್ಥೆ ಲೆಕ್ಕ ಕೊಟ್ಟಿತ್ತು. ಆದರೆ ಆ ಫೋನ್‌ಗಳ ವಿನ್ಯಾಸ, ತಯಾರಿಕೆ ಹೆಚ್ಚಿನದು ನಡೆಯುತ್ತಿದ್ದದ್ದು ಚೀನಾದಲ್ಲಿ. ಇಲ್ಲಿ ಮಾರಾಟ ಮತ್ತು ಜಾಹೀರಾತು. 2016ರಲ್ಲಿ ಜಿಯೋ ಬಂದು ಜನ 4ಜಿಗೆ ಹಾರಿದಾಗ, ಫೋನ್ ಮಾಡಬಲ್ಲ ಚೀನಾ ಕಂಪನಿಗಳು ತಾವೇ ಇಲ್ಲಿ ಅಂಗಡಿ ತೆರೆದಿದ್ದವು, ನಮ್ಮವರ ಹತ್ತಿರ ಎದುರಿಸಲು ಸ್ವಂತ ಎಂಜಿನಿಯರಿಂಗ್ ಹೆಚ್ಚೇನೂ ಇರಲಿಲ್ಲ. ಹೆಸರು ಇದ್ದೂ ಉದ್ಯಮ ಉಳಿಯಲಿಲ್ಲ.

ಈಗ ಚೆನ್ನೈ ಹತ್ತಿರದ ಶ್ರೀಪೆರಂಬದೂರು ನೋಡಿ. ನೋಕಿಯಾ 2006ರಲ್ಲಿ ಅಲ್ಲಿ ಫ್ಯಾಕ್ಟರಿ ಶುರು ಮಾಡಿತು. ತೆರಿಗೆ ಜಗಳ, ಮೈಕ್ರೋಸಾಫ್ಟ್‌ಗೆ ಮಾರಾಟ, ಎಲ್ಲ ಸೇರಿ 2014ರ ನವೆಂಬರ್‌ನಲ್ಲಿ ಬಾಗಿಲು ಹಾಕಿತು. ಸಾವಿರಾರು ಜನ ಬೀದಿಗೆ ಬಂದರು, ಅದನ್ನು ಮರೆಯಬಾರದು. ಆದರೂ ಆ ಊರು ಖಾಲಿಯಾಗಲಿಲ್ಲ. ಕೆಲಸ ಕಲಿತ ಕೈಗಳಿದ್ದವು, ಹತ್ತಿರದಲ್ಲಿ ಚೆನ್ನೈ ಬಂದರು ಇತ್ತು. ನೋಕಿಯಾದ ಅದೇ ಜಾಗಕ್ಕೆ ಆಮೇಲೆ ಚಾರ್ಜರ್ ಮಾಡುವ ಸಾಲ್‌ಕಾಂಪ್ ಬಂತು. ಅದೇ ಊರಿನಲ್ಲಿ ತೈವಾನಿನ ಫಾಕ್ಸ್‌ಕಾನ್ ಕಂಪನಿ ಈಗ ಐಫೋನ್ ಜೋಡಿಸುತ್ತಿದೆ.

ಹಾಗಾಗಿ ಜೋಡಣೆಯನ್ನು ಸುಮ್ನೆ ಸ್ಕ್ರೂ ಕೆಲಸ ಎಂದು ತಳ್ಳಿಹಾಕಬೇಡಿ. ಬಿಡಿಭಾಗ ಮಾಡುವವನು ಲಕ್ಷಗಟ್ಟಲೆ ಆರ್ಡರ್ ಕಾಣದೆ ಇಲ್ಲಿ ಯಂತ್ರ ಹಾಕುವುದಿಲ್ಲ, ಆ ಆರ್ಡರ್ ಹುಟ್ಟುವುದು ಜೋಡಣೆ ಲೈನಿನಿಂದ. ಲೈನುಗಳಂತೂ ಬಂದಿವೆ. 2018ರ ಹೊತ್ತಿಗೆ ತಯಾರಾದ ಫೋನಿನ ಆಮದಿಗೆ 20% ಸುಂಕ ಬಿತ್ತು, 2020ರಲ್ಲಿ ಇಲ್ಲೇ ಉತ್ಪಾದನೆ ಮಾಡುವವರಿಗೆ ಕೇಂದ್ರ ಕೊಡುವ ಪಿಎಲ್‌ಐ ಪ್ರೋತ್ಸಾಹಧನ ಬಂತು. ಸರ್ಕಾರದ ಲೆಕ್ಕದಲ್ಲಿ 2014-15ರಲ್ಲಿ ಸುಮಾರು 18,900 ಕೋಟಿ ರೂಪಾಯಿಯಷ್ಟಿದ್ದ ಮೊಬೈಲ್ ಉತ್ಪಾದನೆ 2024-25ಕ್ಕೆ 5.45 ಲಕ್ಷ ಕೋಟಿಗೆ ಬಂದಿದೆ.

ನಿಮ್ಮ ಮಾತು ಗಟ್ಟಿಯಾಗುವುದು ಇಲ್ಲೇ. 2020ರ ಆ ಪಿಎಲ್‌ಐ ಹಣ ಕೊಟ್ಟದ್ದು ಹೆಚ್ಚುವರಿ ಮಾರಾಟದ ಮೇಲೆ, 4ರಿಂದ 6%. ಒಳಗಿನ ಭಾಗ ಎಲ್ಲಿ ತಯಾರಾಯಿತು ಎಂದು ಅದು ಕೇಳಲಿಲ್ಲ. ಡಿಸ್‌ಪ್ಲೇ, ಪ್ರೊಸೆಸರ್, ಮೆಮೊರಿ, ಕ್ಯಾಮೆರಾ, ದುಬಾರಿ ಭಾಗಗಳೆಲ್ಲ ಹೆಚ್ಚಾಗಿ ಇನ್ನೂ ಹೊರಗಿಂದಲೇ ಬರುತ್ತವೆ. ಬಿಡಿಭಾಗಗಳಿಗೇ ಎಂದು 22,919 ಕೋಟಿಯ ಯೋಜನೆಗೆ ಕೇಂದ್ರ ಒಪ್ಪಿಗೆ ಕೊಟ್ಟಿದ್ದು 2025ರ ಮಾರ್ಚ್‌ನಲ್ಲಿ. ಐದು ವರ್ಷ ತಡ, ಇದು ನನ್ನ ಅಭಿಪ್ರಾಯ. ಅಚ್ಚು, ಡೈ ಮಾಡುವ ಟೂಲ್ ರೂಮ್‌ಗಳು ನಮ್ಮ ಪೀಣ್ಯದಲ್ಲಿ ಮೊದಲಿಂದಲೂ ಇವೆ, ಫೋನಿನ ಮೇಲ್ಕವಚ ಮಾಡುವ ಟಾಟಾ ಫ್ಯಾಕ್ಟರಿ ಪಕ್ಕದ ಹೊಸೂರಿನಲ್ಲೇ ಇದೆ, ಈ ಸಣ್ಣ ಘಟಕಗಳಿಗೆ ಸಾಲ, ಯಂತ್ರ, ಆರ್ಡರ್ ಮೂರೂ ಸಿಗುವಂತೆ ಮಾಡುವುದು ಹೊಸ ಬ್ರ್ಯಾಂಡ್ ಹುಟ್ಟಿಸುವುದಕ್ಕಿಂತ ತುರ್ತಿನ ಕೆಲಸ. ನಮ್ಮವರಿಗೆ ಆಗದ್ದೇನಲ್ಲ. 1986ರಲ್ಲಿ ಕಿತ್ತೂರಿನಲ್ಲಿ ಶುರುವಾದ, ಸರ್ಕಾರಿ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್‌ನ ಹಳ್ಳಿ ಟೆಲಿಫೋನ್ ಎಕ್ಸ್‌ಚೇಂಜ್ ನಮ್ಮ ಎಂಜಿನಿಯರುಗಳದೇ ವಿನ್ಯಾಸ, ಏಸಿ ಇಲ್ಲದೆ ಬಿಸಿಲು-ಧೂಳಿನಲ್ಲೂ ಓಡುವಂತೆ ಮಾಡಿದ್ದು.

ಇನ್ನು ಮಗಳ ವಿಚಾರ. 2020ರ ಡಿಸೆಂಬರ್‌ನಲ್ಲಿ ಕೋಲಾರದ ನರಸಾಪುರದಲ್ಲಿ ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಘಟಕದಲ್ಲಿ ಸಂಬಳದ ಸಿಟ್ಟು ಗಲಾಟೆಯಾಗಿ ಒಡೆದದ್ದು ನಿಮಗೆ ಗೊತ್ತೇ ಇದೆ. ಕೆಲವರಿಗೆ ಸರಿಯಾಗಿ, ಸಮಯಕ್ಕೆ ಸಂಬಳ ಕೊಟ್ಟಿಲ್ಲ ಎಂದು ಕಂಪನಿಯೇ ಒಪ್ಪಿಕೊಂಡಿತು. ಆ ಘಟಕ 2023ರಲ್ಲಿ ಟಾಟಾ ಕೈಗೆ ಬಂತು. ಗುತ್ತಿಗೆ ಏಜೆನ್ಸಿ ಮೂಲಕ ಹುಡುಗಿಯರನ್ನು ತಂದು, ದಣಿದಾಗ ಬೇರೆಯವರನ್ನು ತರುವ ರೀತಿಯಲ್ಲಿ ಯಾವ ಉದ್ಯಮವೂ ಕೆಲಸ ಕಲಿಯುವುದಿಲ್ಲ, ನನಗೆ ಜಾಸ್ತಿ ಚಿಂತೆ ಅದರದೇ. ಆದ್ದರಿಂದ ಆಕೆಯ ಸಂಬಳ ಚೀಟಿ ನೋಡಿ. ಪಿಎಫ್ ಕಟ್ಟುತ್ತಿದ್ದಾರಾ, ಓವರ್‌ಟೈಮ್ ಬರೆದಿದ್ದಾರಾ, ಕೆಲಸ ಕಂಪನಿಯದೋ ಏಜೆನ್ಸಿಯದೋ ತಿಳಿದುಕೊಳ್ಳಿ. ಅದು ಸರಿ ಇದ್ದರೆ ಒಂದಷ್ಟು ಕಾಲ ಇರಲಿ, ಬೋರ್ಡ್ ಮೇಲೆ ಬಿಡಿಭಾಗ ಕೂರಿಸುವ ಎಸ್‌ಎಂಟಿ ಲೈನಿಗೋ, ಟೆಸ್ಟಿಂಗ್‌ಗೋ, ಯಂತ್ರ ರಿಪೇರಿಗೋ ಹಾಕಿ ಎಂದು ಕೇಳಲಿ. ಡಿಪ್ಲೊಮಾ ಇರುವವರು ಅದನ್ನು ಕೇಳುವುದು ತಪ್ಪಲ್ಲ. ವರ್ಷವಾದರೂ ಅದೇ ಸ್ಕ್ರೂ ಎಂದರೆ ಬೇರೆ ಕಡೆ ನೋಡಲಿ, ಸರ್ಕಾರಿ ಟೂಲ್ ರೂಮ್ ತರಬೇತಿ ಕೇಂದ್ರವಾದ ಜಿಟಿಟಿಸಿಯಲ್ಲಿ ಅಚ್ಚು, ಡೈ ಮಾಡುವ ಟೂಲಿಂಗ್ ಕೋರ್ಸ್‌ಗಳಿವೆ, ವಿಚಾರಿಸಿ.

ಆಕೆ ಒಪ್ಪಿದರೆ ಲೈನಿನ ಕೆಲಸದ ಬಗ್ಗೆ ನಮಗೆ ಎರಡು ಪುಟ ಬರೆದು ಕಳಿಸಲಿ. ಹೆಸರು ಹಾಕದೆ ಪ್ರಕಟಿಸುತ್ತೇವೆ.

— ಸಂಪಾದಕ